ಹಕ್ಕಿಯ ಚಿತ್ರಕ್ಕೆ ಎಷ್ಟು ಉದ್ದದ ಲೆನ್ಸು ಬೇಕು?

ನಮ್ಮ ಕಾಲೇಜಿನಲ್ಲಿ ಪಕ್ಷಿವೀಕ್ಷಣೆಯ ಹವ್ಯಾಸ ಮೂರು ನಾಲ್ಕು ವರ್ಷಗಳಿಂದ ಚೆನ್ನಾಗಿ ಬೆಳೆದಿದೆ. ಅದರ ಬೆನ್ನಿಗೇ ಹಕ್ಕಿಗಳ ಛಾಯಾಚಿತ್ರ ತೆಗೆಯುವ ಹಂಬಲವೂ ಬಂದಿದೆ. ನನ್ನ ಹೆಗಲಲ್ಲಿ ಕ್ಯಾಮರಾ ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಷ್ಟು ಉದ್ದದ ಲೆನ್ಸು ಕೊಳ್ಳಬೇಕು?" ಅಂತಿಮ ಬಿ.ಎ. ತರಗತಿಯ ಮಿತ್ರನೊಬ್ಬ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣಕ್ಕೆ ತಾಯಿಯ ಬಳೆ ಗಿರವಿಯಿಟ್ಟ ಹಣವನ್ನೂ ಸೇರಿಸಿ, ೬೦೦ ಮಿ.ಮೀ.ವರೆಗೆ ಎಳೆಯುವ ಲೆನ್ಸೊಂದನ್ನು ತರಲು ಸಿದ್ಧನಾಗಿದ್ದ. ಅವನಿಗೆ ಅಂದು ಬಾಯಲ್ಲಿ ಹೇಳಿದುದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆದಿದ್ದೇನೆ. ನಾನು ಭೌತಶಾಸ್ತ್ರವನ್ನು ಎಸ್.ಎಸ್.ಎಲ್.ಸಿ.ಯಲ್ಲೇ ಬಿಟ್ಟುಬಂದ ಕಲಾ ವಿಭಾಗದವನು. ಆದುದರಿಂದ ಇಲ್ಲಿರುವ ಲೆಕ್ಕಗಳು ಭಾಗಾಕಾರ ಗುಣಾಕಾರಗಳನ್ನು ದಾಟುವುದಿಲ್ಲ.

ಮೊದಲು ಲೆನ್ಸಿನ ಮೇಲೆ ಬರೆದಿರುವ ಸಂಖ್ಯೆಯ ಅರ್ಥವೇನೆಂದು ನೋಡೋಣ. ೩೦೦, ೪೦೦, ೬೦೦ ಎಂಬುವು ನಾಭಿದೂರದ ಅಳತೆಗಳು. ಈ ಅಳತೆ ಹೆಚ್ಚಿದಷ್ಟೂ ದೂರದ ವಸ್ತುವಿನ ಬಿಂಬ ಕ್ಯಾಮರಾದೊಳಗೆ ದೊಡ್ಡದಾಗಿ ಬೀಳುತ್ತದೆ. ಎಷ್ಟು ದೊಡ್ಡದು? ಹಕ್ಕಿಯ ಉದ್ದವನ್ನು ನಾಭಿದೂರದಿಂದ ಗುಣಿಸಿ, ಹಕ್ಕಿಗೂ ನಮಗೂ ಇರುವ ದೂರದಿಂದ ಭಾಗಿಸಿದರೆ ಬಿಂಬದ ಉದ್ದ ಸಿಕ್ಕುತ್ತದೆ. ಸಣ್ಣ ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ ಸುಮಾರು ೧೭ ಸೆಂಟಿಮೀಟರ್. ಅದು ೨೦ ಮೀಟರ್ ದೂರದ ಗೂಟದ ಮೇಲೆ ಕೂತಿದ್ದರೆ, ೪೦೦ ಮಿ.ಮೀ. ಲೆನ್ಸು ಕೊಡುವ ಬಿಂಬ ೩.೪ ಮಿ.ಮೀ. ಮಾತ್ರ. ವಿದ್ಯಾರ್ಥಿಗಳ ಕೈಗೆಟಕುವ ಕ್ಯಾಮರಾಗಳಲ್ಲಿ ಬಿಂಬ ಬೀಳುವ ಸೆನ್ಸರ್ ಸುಮಾರು ೨೪ ಮಿ.ಮೀ. ಅಗಲ, ೧೬ ಮಿ.ಮೀ. ಎತ್ತರ. ಎಂದರೆ ಅಷ್ಟು ದೊಡ್ಡ ಲೆನ್ಸು ಹಿಡಿದೂ ನಮ್ಮ ಮಿಂಚುಳ್ಳಿ ಚಿತ್ರದ ಅಗಲದಲ್ಲಿ ಏಳನೆಯ ಒಂದು ಭಾಗವಷ್ಟೆ! ೬೦೦ ಮಿ.ಮೀ. ಆದರೆ ಬಿಂಬ ೫.೧ ಮಿ.ಮೀ. ಆಗುತ್ತದೆ.

ಈಗ ಅದೇ ಲೆಕ್ಕವನ್ನು ಇನ್ನೊಂದು ರೀತಿ ಮಾಡಿ. ಹಕ್ಕಿಗೆ ೧೦ ಮೀಟರ್ ಹತ್ತಿರವಾದರೆ ೩೦೦ ಮಿ.ಮೀ. ಲೆನ್ಸೂ ಅದೇ ೫.೧ ಮಿ.ಮೀ. ಬಿಂಬವನ್ನೇ ಕೊಡುತ್ತದೆ. ಆ ಎರಡು ಲೆನ್ಸುಗಳ ಬೆಲೆಯ ಅಂತರ ಹತ್ತು ಮೀಟರ್ ನೆಲದ ಅಂತರ! ಈ ಹತ್ತು ಮೀಟರನ್ನು ಹಕ್ಕಿ ನಮಗೆ ಬಿಟ್ಟುಕೊಡುತ್ತದೆಯೋ ಇಲ್ಲವೋ ಎಂಬುದೇ ನಿಜವಾದ ಪ್ರಶ್ನೆ.

ಅಂಗಡಿಯವರು ಮಾತಿಗೊಮ್ಮೆ ಹೇಳುವ ಒಂದು ಸಂಗತಿಯನ್ನೂ ಇಲ್ಲಿಯೇ ತೀರಿಸಿಬಿಡುತ್ತೇನೆ. "ಈ ಕ್ಯಾಮರಾದಲ್ಲಿ ೩೦೦ ಹಾಕಿದರೆ ೪೫೦ ಆಗುತ್ತದೆ" ಎನ್ನುತ್ತಾರೆ. ಬಿಂಬ ಕೂದಲೆಳೆಯಷ್ಟೂ ದೊಡ್ಡದಾಗುವುದಿಲ್ಲ. ಸಣ್ಣ ಸೆನ್ಸರ್ ಅಂಚುಗಳನ್ನು ಕತ್ತರಿಸಿ ನಡುವಣ ಭಾಗವನ್ನು ಮಾತ್ರ ಹಿಡಿಯುತ್ತದೆ, ಅಷ್ಟೆ.

ಹತ್ತಿರ ಹೋಗುವ ವಿದ್ಯೆ ಲೆನ್ಸಿಗಿಂತ ಹಳೆಯದೇನಲ್ಲ, ಆದರೆ ಹೆಚ್ಚು ಕಡಮೆ ಅದರ ಓರಗೆಯದು. ಮುಂದೆ ಉಬ್ಬಿದ ಗಾಜು, ಹಿಂದೆ ತಗ್ಗಾದ ಗಾಜು ಜೋಡಿಸಿ, ಉದ್ದ ನಾಭಿದೂರವನ್ನು ಗಿಡ್ಡ ಕೊಳವೆಯಲ್ಲಿ ಅಡಗಿಸುವ ಟೆಲಿಫೋಟೋ ಲೆನ್ಸಿಗೆ ಇಂಗ್ಲೆಂಡಿನ ಡಾಲ್ಮಯರ್ ೧೮೯೧ರಲ್ಲಿ ಹಕ್ಕುಪತ್ರ ಪಡೆದನು. ಅದೇ ದೇಶದ ಕೀರ್ಟನ್ ಸಹೋದರರು ಅದೇ ಕಾಲದಲ್ಲಿ ಹಿಡಿದ ದಾರಿ ಬೇರೆ. ಅವರು ಎತ್ತಿನ ಚರ್ಮವನ್ನು ಪೊಳ್ಳು ಬೊಂಬೆಯಾಗಿ ಮಾಡಿ, ಕ್ಯಾಮರಾ ಸಮೇತ ಅದರೊಳಗೆ ನುಸುಳಿ ನಿಂತು ಹಕ್ಕಿಗಳ ಚಿತ್ರ ತೆಗೆಯುತ್ತಿದ್ದರು. ನಾವು ಎತ್ತಾಗಬೇಕಾಗಿಲ್ಲ. ಮಾಸಿದ ಬಣ್ಣದ ಅಂಗಿ, ಕೆರೆಯ ಏರಿಯ ಮರೆ, ಒಂದು ಗಂಟೆ ಮಿಸುಕದೆ ಕೂರುವ ಶಕ್ತಿ, ಇಷ್ಟಿದ್ದರೆ ಗದ್ದೆ ಮಿಂಚುಳ್ಳಿಯೂ ಕೊಳದ ಬಕವೂ ತಾವಾಗಿಯೇ ಹತ್ತು ಹನ್ನೆರಡು ಮೀಟರಿಗೆ ಬರುತ್ತವೆ. ಮಿಂಚುಳ್ಳಿಗಂತೂ ದಿನವೂ ಕೂರುವ ಗೂಟವೊಂದು ಗೊತ್ತಾಗಿರುತ್ತದೆ.

ಹಕ್ಕಿ ಬಿಟ್ಟುಕೊಡುವ ದೂರ ಊರಿಂದೂರಿಗೂ ಬೇರೆಯಾಗುತ್ತದೆ. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಹಳ್ಳಿಯ ಹುಣಸೆಮರಗಳಲ್ಲೇ, ಮನೆಗಳ ನೆತ್ತಿಯ ಮೇಲೆಯೇ ಗೂಡು ಕಟ್ಟುತ್ತವೆ. ತಲೆಮಾರುಗಳಿಂದ ಆ ಊರಿನವರು ಅವುಗಳ ತಂಟೆಗೆ ಹೋಗದುದೇ ಇದಕ್ಕೆ ಕಾರಣ. ಅಲ್ಲಿ ೨೦೦ ಮಿ.ಮೀ. ಲೆನ್ಸೇ ಸಾಕು, ೬೦೦ ಹಾಕಿದರೆ ಹೆಜ್ಜಾರ್ಲೆಯ ಕೊಕ್ಕು ಮಾತ್ರ ಬರುತ್ತದೆ! ಗದಗ ಜಿಲ್ಲೆಯ ಮಾಗಡಿ ಕೆರೆಯ ಕಥೆ ಇದಕ್ಕೆ ತದ್ವಿರುದ್ಧ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ನೀರಿನ ನಡುವೆ ಗುಂಪಾಗಿ ತಂಗುತ್ತವೆ, ದಡದಲ್ಲಿ ಮನುಷ್ಯರ ಸುಳಿವು ಕಂಡರೆ ಇನ್ನಷ್ಟು ದೂರ ಸರಿಯುತ್ತವೆ. ಅಲ್ಲಿ ಉದ್ದ ಲೆನ್ಸು ಬೇಕೇ ಬೇಕು. ಆದರೆ ಅದನ್ನೂ ಬೆಳಿಗ್ಗೆಯೇ ಉಪಯೋಗಿಸಬೇಕು. ಬಿಸಿಲೇರಿದ ಮೇಲೆ ನೆಲದಿಂದೇಳುವ ಕಾವಿಗೆ ಗಾಳಿ ನಡುಗುತ್ತದೆ. ಆ ಹೊತ್ತಿನಲ್ಲಿ ನೂರು ಮೀಟರ್ ಆಚೆಯ ಬಾತು ಎಷ್ಟೇ ಬೆಲೆಯ ಗಾಜಿನಲ್ಲಿಯೂ ನೀರಿನಲ್ಲಿ ಅದ್ದಿದ ಚಿತ್ರದಂತೆ ಕಾಣುತ್ತದೆ.

ದೂರದ ಮಾತಾಯಿತು, ಇನ್ನು ಬೆಳಕು. ಲೆನ್ಸಿನ ಮೇಲೆ ಎರಡನೆಯ ಸಂಖ್ಯೆಯೊಂದಿರುತ್ತದೆ: ಎಫ್ ೪, ಎಫ್ ೫.೬, ಎಫ್ ೬.೩ ಇತ್ಯಾದಿ. ನಾಭಿದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ರಂಧ್ರದ ಅಗಲ ಬರುತ್ತದೆ. ೩೦೦ ಮಿ.ಮೀ., ಎಫ್ ೪ ಎಂದರೆ ೭೫ ಮಿ.ಮೀ.; ೬೦೦ ಮಿ.ಮೀ., ಎಫ್ ೪ ಎಂದರೆ ೧೫೦ ಮಿ.ಮೀ., ಊಟದ ತಟ್ಟೆಗಿಂತ ಕೊಂಚ ಚಿಕ್ಕದಾದ ಗಾಜು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಅರೆದು ತಯಾರಿಸುವುದರಿಂದಲೇ ಅದರ ಬೆಲೆ ಹತ್ತು ಲಕ್ಷ ರೂಪಾಯಿಗಳನ್ನು ಮೀರುತ್ತದೆ. ನನ್ನ ಮಿತ್ರ ನೋಡಿಟ್ಟಿದ್ದುದು ಅದಲ್ಲ. ೧೫೦ರಿಂದ ೬೦೦ರವರೆಗಿನ, ತುದಿಯಲ್ಲಿ ಎಫ್ ೬.೩ ಇರುವ, ಸುಮಾರು ಎರಡು ಕಿಲೋಗ್ರಾಂ ತೂಗುವ ಲೆನ್ಸು. ಒಳ್ಳೆಯ ಲೆನ್ಸೇ, ಸಂದೇಹವಿಲ್ಲ. ಆದರೆ ಬಸ್ಸಿಳಿದು ಮೂರು ಮೈಲಿ ನಡೆಯುವವನ ಕುತ್ತಿಗೆಯಲ್ಲಿ ಎರಡು ಕಿಲೋ ಎಂದರೇನೆಂಬುದನ್ನು ಅಂಗಡಿಯ ಮೇಜಿನ ಮುಂದೆ ನಿಂತು ತಿಳಿಯಲಾಗುವುದಿಲ್ಲ.

ಲೆನ್ಸಿನ ಹಿಂದೆ ಸೇರಿಸುವ ಕನ್ವರ್ಟರುಗಳ ಆಸೆಯನ್ನು ಕೆಲವರು ತೋರಿಸುತ್ತಾರೆ. ೧.೪ ಪಟ್ಟಿನದು ಬೆಳಕನ್ನು ಅರ್ಧಕ್ಕಿಳಿಸುತ್ತದೆ, ೨ ಪಟ್ಟಿನದು ಕಾಲು ಭಾಗಕ್ಕೆ. ಅಗ್ಗದ ಜೂಮ್ ಲೆನ್ಸಿಗೆ ಅದನ್ನು ಸೇರಿಸುವುದು ನನಗೆ ಸಮ್ಮತವಲ್ಲ. ಕನ್ನಡಿಗಳನ್ನಿಟ್ಟು ಮಾಡಿದ ೫೦೦ ಮಿ.ಮೀ., ಎಫ್ ೮ ಲೆನ್ಸುಗಳು ಹಗುರ, ಅಗ್ಗ. ಆದರೆ ಅವುಗಳ ರಂಧ್ರವನ್ನು ಬದಲಿಸಲಾಗದು, ಹಿನ್ನೆಲೆಯ ಹೊಳಪೆಲ್ಲ ಬಳೆಬಳೆಯಾಗಿ ಮೂಡುತ್ತದೆ.

ಕ್ಯಾಮರಾದ ಹೊಂದಾಣಿಕೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಷಟರ್ ವೇಗಕ್ಕೆ. ಕೂತ ಹಕ್ಕಿಗೆ ಸೆಕೆಂಡಿನ ೫೦೦ನೆಯ ಒಂದು ಭಾಗ, ಹಾರುವ ಬೆಳ್ಳಕ್ಕಿಗೆ ೧೬೦೦ನೆಯ ಒಂದು ಭಾಗ, ನೀರಿನ ಮೇಲೆ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಲ್ಲುವ ಕಪ್ಪುಬಿಳಿ ಮಿಂಚುಳ್ಳಿಗೆ ೨೫೦೦ನೆಯ ಒಂದು ಭಾಗ, ಇವು ನನ್ನ ಅನುಭವದಲ್ಲಿ ನಂಬತಕ್ಕ ಅಳತೆಗಳು. ಲೆನ್ಸಿನೊಳಗಿನ ಕಂಪನ ನಿವಾರಣೆಯ ಏರ್ಪಾಡು ನಮ್ಮ ಕೈನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನಲ್ಲ.

ಈ ವೇಗಗಳು ಸಿಕ್ಕುತ್ತವೆಯೆ? ಹಳಬರ ಸೂತ್ರವೊಂದಿದೆ: ಪೂರ್ಣ ಬಿಸಿಲಿನಲ್ಲಿ ಎಫ್ ೧೬ ಇಟ್ಟರೆ, ಐ.ಎಸ್.ಓ. ಸಂಖ್ಯೆ ಎಷ್ಟೋ ಸೆಕೆಂಡಿನ ಅಷ್ಟನೆಯ ಒಂದು ಭಾಗವೇ ಸರಿಯಾದ ವೇಗ. ಐ.ಎಸ್.ಓ. ೪೦೦ ಆದರೆ ೪೦೦ನೆಯ ಒಂದು ಭಾಗ. ಎಫ್ ೧೬ರಿಂದ ೧೧, ೮, ೫.೬ ಎಂದು ಮೂರು ಮೆಟ್ಟಿಲು ತೆರೆದರೆ ಬೆಳಕು ಎಂಟು ಪಟ್ಟಾಗಿ, ವೇಗ ೩೨೦೦ನೆಯ ಒಂದು ಭಾಗಕ್ಕೆ ಏರುತ್ತದೆ. ಬೇಕಾದಷ್ಟಾಯಿತು! ಆದರೆ ಮುಂಜಾನೆಯ ಎಳೆಬಿಸಿಲು ಇದಕ್ಕಿಂತ ಎರಡು ಮೆಟ್ಟಿಲು ಕೆಳಗಾದರೆ ೮೦೦ನೆಯ ಒಂದು ಭಾಗ. ಹುಣಸೆಮರದ ನೆರಳು ಐದು ಮೆಟ್ಟಿಲು ಕೆಳಗಾದರೆ ಬರಿಯ ೧೦೦ನೆಯ ಒಂದು ಭಾಗ. ಅಲ್ಲಿ ರಾಜಹಕ್ಕಿಯ ಬಾಲ ಹೊಗೆಯಂತೆ ಮೂಡುತ್ತದೆ. ಐ.ಎಸ್.ಓ.ವನ್ನು ೩೨೦೦ಕ್ಕೆ ಏರಿಸಿದರೆ ಮತ್ತೆ ೮೦೦ನೆಯ ಒಂದು ಭಾಗ ಸಿಕ್ಕುತ್ತದೆ. ಚಿತ್ರದಲ್ಲಿ ಸ್ವಲ್ಪ ಮರಳು ಚೆಲ್ಲಿದಂತಾಗುತ್ತದೆ, ಆಗಲಿ. ಮರಳಿರುವ ಚಿತ್ರವನ್ನು ನೋಡಬಹುದು, ಅಲುಗಿದ ಚಿತ್ರವನ್ನು ನೋಡಲಾಗದು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆಯವರಂತಹ ಮಹನೀಯರಿಗೆ ಫಿಲ್ಮಿನ ಕಾಲದಲ್ಲಿ ಈ ಅನುಕೂಲವಿರಲಿಲ್ಲ. ಒಂದು ಸುರುಳಿ ಹಾಕಿದರೆ ಅದರ ೩೬ ಚಿತ್ರಗಳು ಮುಗಿಯುವವರೆಗೂ ಅದೇ ಸಂಖ್ಯೆ. ನಾವು ಗುಂಡಿಯೊತ್ತಿ ಬದಲಿಸುತ್ತೇವೆ. ಇದಕ್ಕೇ ನಾನು ರಂಧ್ರ, ವೇಗ ಎರಡನ್ನೂ ಕೈಯಿಂದ ಗೊತ್ತುಮಾಡಿ, ಐ.ಎಸ್.ಓ. ಒಂದನ್ನು ಕ್ಯಾಮರಾದ ಆಯ್ಕೆಗೆ ಬಿಡುತ್ತೇನೆ.

ಆದರೆ ಕ್ಯಾಮರಾದ ಬೆಳಕಿನ ಮಾಪಕಕ್ಕೆ ಹಕ್ಕಿಗಳ ಪರಿಚಯವಿಲ್ಲ! ಎದುರಿಗಿರುವುದೆಲ್ಲ ನಡುಬೂದಿಯ ಬಣ್ಣವೆಂದು ಅದರ ನಂಬಿಕೆ. ಕಪ್ಪು ನೀರಿನ ನಡುವೆ ಚಿಕ್ಕದಾಗಿ ನಿಂತ ಬೆಳ್ಳಕ್ಕಿಯನ್ನು ನೋಡಿದಾಗ, ನೀರನ್ನು ಬೂದಿಯಾಗಿಸುವ ಆತುರದಲ್ಲಿ ಬೆಳಕನ್ನು ಹೆಚ್ಚಿಸುತ್ತದೆ. ಬೆಳ್ಳಕ್ಕಿಯ ಗರಿಗಳು ಗೆರೆಯಿಲ್ಲದ ಬಿಳಿ ಕಾಗದವಾಗುತ್ತವೆ. ಅಲ್ಲಿ ಒಂದು ಮೆಟ್ಟಿಲು ಕಡಮೆ ಮಾಡಬೇಕು. ಅದೇ ಬೆಳ್ಳಕ್ಕಿ ಚೌಕಟ್ಟನ್ನು ತುಂಬಿಕೊಂಡಿದ್ದರೆ, ಇಲ್ಲವೆ ತಂತಿಯ ಮೇಲಿನ ಕಾಜಾಣದ ಹಿಂದೆ ಬೆಳ್ಳನೆಯ ಆಕಾಶವಿದ್ದರೆ, ಒಂದು ಮೆಟ್ಟಿಲು ಹೆಚ್ಚಿಸಬೇಕು. ಈ ಕೂಡಿಸಿ ಕಳೆಯುವ ಗುಂಡಿ ಎಲ್ಲ ಕ್ಯಾಮರಾಗಳಲ್ಲಿಯೂ ಇದೆ, ಮುಟ್ಟುವವರು ಕಡಮೆ.

ಹಕ್ಕಿಯ ಕಣ್ಣು ಸ್ಪಷ್ಟವಾಗಿರಬೇಕು. ಮಿಕ್ಕದ್ದು ಮಸುಕಾದರೂ ಕ್ಷಮ್ಯ. ೪೦೦ ಮಿ.ಮೀ., ಎಫ್ ೫.೬ರಲ್ಲಿ ೧೦ ಮೀಟರ್ ದೂರದ ಹಕ್ಕಿಯ ಮೇಲೆ ಸ್ಪಷ್ಟತೆಯ ಪಟ್ಟಿ ಸುಮಾರು ೧೪ ಸೆಂಟಿಮೀಟರ್ ಆಳ. ೫ ಮೀಟರಿಗೆ ಬಂದರೆ ಮೂರೂವರೆ ಸೆಂಟಿಮೀಟರ್. ಆದುದರಿಂದ ಕೊಂಬೆಯಲ್ಲಿ ಕೂತ ಸೂರಕ್ಕಿಗೆ ಒಂದೇ ಬಿಂದುವಿನ ಫೋಕಸ್ ಇಟ್ಟು ಕಣ್ಣಿನ ಮೇಲೆ ಹಿಡಿಯಬೇಕು. ಹಾರುವ ಹಕ್ಕಿಗೆ ಬಿಡದೆ ಹಿಂಬಾಲಿಸುವ ಫೋಕಸ್ ಬೇಕು. ಈಚಿನ ಕೆಲವು ಕ್ಯಾಮರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕಿಕೊಳ್ಳುತ್ತವೆ. ಅವು ನಮ್ಮ ಹಾಸ್ಟೆಲಿಗೆ ಇನ್ನೂ ಬಂದಿಲ್ಲ.

ಹತ್ತಿರ ಹೋಗಬೇಕೆಂದೆನಲ್ಲ, ಅದಕ್ಕೊಂದು ಕಟ್ಟುಪಾಡೂ ಇದೆ. ಗೂಡಿನ ಬಳಿಗೆ ಹೋಗಕೂಡದು. ತಾಯಿಹಕ್ಕಿ ಎದ್ದು ಹಾರಿದರೆ ಏಪ್ರಿಲಿನ ಬಿಸಿಲಿನಲ್ಲಿ ಮರಿ ಬಹಳ ಹೊತ್ತು ಬದುಕುವುದಿಲ್ಲ, ಕಾಗೆಯೂ ಕಾದಿರುತ್ತದೆ. ಇಂಗ್ಲೆಂಡಿನ ಹೆಸರಾಂತ ಪಕ್ಷಿಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ೧೯೩೭ರಲ್ಲಿ ಗೂಬೆಯ ಗೂಡಿನ ಬಳಿ ಅದರ ಉಗುರಿಗೆ ಸಿಕ್ಕಿ ತನ್ನದೊಂದು ಕಣ್ಣನ್ನೇ ಕಳೆದುಕೊಂಡನು. ನಮ್ಮ ಮಡಿವಾಳ ಹಕ್ಕಿಗೆ ಅಂತಹ ಉಗುರಿಲ್ಲ, ಅದು ಗೂಡು ಬಿಟ್ಟು ಹೋಗುತ್ತದೆ ಅಷ್ಟೆ. ಮಿಂಚುಳ್ಳಿ ಎರಡು ಸಲ ತಲೆಯೆತ್ತಿ ನಮ್ಮತ್ತ ನೋಡಿತೆಂದರೆ ಅಲ್ಲಿಗೆ ನಿಲ್ಲಬೇಕು. ಆ ನಿಂತ ಜಾಗದಿಂದ ಕೈಯಲ್ಲಿರುವ ಲೆನ್ಸಿಗೆ ಎಷ್ಟು ಸಿಕ್ಕಿತೋ ಅಷ್ಟೇ ಚಿತ್ರ.

ನನ್ನ ಮಿತ್ರ ಕೊನೆಗೆ ಕೈಬದಲಾದ ೭೦–೩೦೦ ಮಿ.ಮೀ. ಲೆನ್ಸೊಂದನ್ನು ಕೊಂಡನು. ಬಳೆಗಳು ಗಿರವಿ ಅಂಗಡಿಯಿಂದ ಮನೆಗೆ ಬಂದವು. ಅಂತಹ ಲೆನ್ಸನ್ನು ಕೊಳ್ಳುವ ಮೊದಲು ಕೈದೀಪದ ಬೆಳಕನ್ನು ಹಿಂದಿನಿಂದ ಹಾಯಿಸಿ, ಒಳಗೆ ಜೇಡರ ಬಲೆಯಂತಹ ಬೂಷ್ಟು ಇದೆಯೆ ಎಂದು ನೋಡಬೇಕು. ಕೊಂಡ ಮೇಲೆ ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡತಕ್ಕದ್ದು. ಹತ್ತು ರೂಪಾಯಿಯ ಜೆಲ್ ಪೊಟ್ಟಣ ನೆನೆದಾಗ ಬಿಸಿಲಿಗೊಡ್ಡಿ ಒಣಗಿಸಿ ಮತ್ತೆ ಹಾಕಬಹುದು.