ಕಂಟ್ರೋಲರ್‌ನ ವೈ-ಫೈ: ನಂಬಿಕೆ ಒಂದು, ನಿಜ ಇನ್ನೊಂದು

ಕಚೇರಿ ಕಟ್ಟಡ, ಆಸ್ಪತ್ರೆ, ಮಾಲ್‌ಗಳ ಏಸಿ, ನೀರಿನ ಪಂಪು, ದೀಪ, ಗಾಳಿಯ ಫ್ಯಾನುಗಳನ್ನೆಲ್ಲ ನಡೆಸುವುದು ಬಿಎಂಎಸ್, ಅಂದರೆ ಕಟ್ಟಡ ನಿರ್ವಹಣಾ ವ್ಯವಸ್ಥೆ. ಅದರ ಮಿದುಳು ಬೇಸ್‌ಮೆಂಟಿನಲ್ಲೋ ಗಾಳಿ ಹಾಯಿಸುವ ಯಂತ್ರದ (ಎಎಚ್‌ಯು) ಕೋಣೆಯಲ್ಲೋ ಕಬ್ಬಿಣದ ಪ್ಯಾನಲ್ ಒಳಗೆ ಕೂತಿರುವ ಪುಟ್ಟ ಕಂಟ್ರೋಲರ್. ಈಚಿನ ಹಲವು ಕಂಟ್ರೋಲರ್‌ಗಳಲ್ಲಿ ವೈ-ಫೈ ಸೇರಿಯೇ ಬರುತ್ತದೆ. ಟ್ರಿಡಿಯಂ ಕಂಪನಿಯ ಜೇಸ್ 8000ರ ಮೈಮೇಲೆಯೇ ಅದಕ್ಕೊಂದು ಸ್ವಿಚ್ ಇದೆ: ಆಫ್, ಆಕ್ಸೆಸ್ ಪಾಯಿಂಟ್, ಕ್ಲೈಂಟ್ ಎಂಬ ಮೂರು ಸ್ಥಾನ. ಆಕ್ಸೆಸ್ ಪಾಯಿಂಟ್ ಕಡೆಗೆ ತಳ್ಳಿದರೆ ಕಂಟ್ರೋಲರ್ ತಾನೇ ಒಂದು ಹಾಟ್‌ಸ್ಪಾಟ್ ಆಗುತ್ತದೆ. ಇಂಜಿನಿಯರ್ ಪ್ರತಿ ಸಲ ಏಣಿ ಹತ್ತಿ ಕೇಬಲ್ ಹಾಕಬೇಕಿಲ್ಲ, ಕೆಳಗೆ ನಿಂತು ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮುಗಿಸಬಹುದು.

ಅನುಕೂಲ ದೊಡ್ಡದೇ. ಆದರೆ ಇದು ರಿಪೇರಿಯ ಹೊತ್ತಿಗೆ ಮಾತ್ರ ತೆರೆಯಬೇಕಾದ ಹಿತ್ತಿಲ ಬಾಗಿಲು. ಅದನ್ನು ಮನೆಯ ವೈ-ಫೈ ಹಾಗೆ ಹಗಲಿರುಳು ತೆರೆದಿಡಲು ಕಾರಣವಾಗಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ: “ಏಸಿ ಕಂಟ್ರೋಲರ್‌ಗೆ ಯಾರು ಕನ್ನ ಹಾಕುತ್ತಾರೆ? ಕದಿಯಲು ಅದರಲ್ಲೇನಿದೆ?”

2013ರಲ್ಲಿ ಬಿಲ್ಲಿ ರಿಯೋಸ್ ಮತ್ತು ಟೆರ್ರಿ ಮೆಕ್‌ಕಾರ್ಕಲ್ ಎಂಬ ಭದ್ರತಾ ಸಂಶೋಧಕರು ಸಿಡ್ನಿಯಲ್ಲಿ ಗೂಗಲ್ ಕಚೇರಿಯಿದ್ದ ವಾರ್ಫ್ 7 ಕಟ್ಟಡದ ನಿರ್ವಹಣಾ ವ್ಯವಸ್ಥೆಯೊಳಗೆ ಹೊಕ್ಕು ತೋರಿಸಿದರು. ಅದು ನಡೆಯುತ್ತಿದ್ದುದು ಟ್ರಿಡಿಯಂನ ನಯಾಗರಾ ತಂತ್ರಾಂಶದ ಮೇಲೆ. ದೋಷ ಹಳೆಯದು, ತಿದ್ದುಪಡಿಯೂ ಬಂದಿತ್ತು, ಆ ಕಟ್ಟಡದಲ್ಲಿ ಮಾತ್ರ ಅದನ್ನು ಹಾಕಿರಲಿಲ್ಲ. ಮಹಡಿಗಳ ನಕ್ಷೆ, ನೀರಿನ ಕೊಳವೆಗಳು ಹಾದುಹೋಗುವ ದಾರಿ ಎಲ್ಲವೂ ಅವರ ಪರದೆಗೆ ಬಂದವು. ಪುಣ್ಯಕ್ಕೆ ಅವರು ಕೇಡು ಬಯಸಿದವರಲ್ಲ, ಗೂಗಲ್‌ಗೇ ವರದಿ ಕೊಟ್ಟರು.

2016ರ ನವೆಂಬರ್ ಸುಮಾರಿಗೆ ಫಿನ್ಲೆಂಡಿನ ಲಪ್ಪೇನ್‌ರಾಂಟಾ ಊರಿನ ಎರಡು ವಸತಿ ಕಟ್ಟಡಗಳಲ್ಲಿ ಕಾಯಿಸುವ ವ್ಯವಸ್ಥೆ ನಿಂತಿತು. ಜಾಲದ ಮೂಲಕ ಸುರಿದ ಕೋರಿಕೆಗಳ ಮಳೆಗೆ ಕಂಟ್ರೋಲರ್‌ಗಳು ತತ್ತರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಲೇ ಇದ್ದವು. ಅಲ್ಲಿ ಯಾರೂ ಏನನ್ನೂ ಕದಿಯಲಿಲ್ಲ. ಆದರೆ ಆ ಚಳಿಯಲ್ಲಿ ಮನೆಗಳು ತಣ್ಣಗಾದವು.

ಮೂರನೆಯದು ಎಲ್ಲರ ಬಾಯಲ್ಲೂ ಇರುವ ಕಥೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. “ಕಳ್ಳರು ಏಸಿ ಯಂತ್ರದೊಳಗಿಂದ ನುಗ್ಗಿದರು” ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಸರಿಯಲ್ಲ. ಕಳ್ಳರ ಕೈಗೆ ಸಿಕ್ಕಿದ್ದು ಏಸಿ ಗುತ್ತಿಗೆದಾರನ ಲಾಗಿನ್. ಬಿಲ್ಲು, ಗುತ್ತಿಗೆ ಪತ್ರ ಕಳಿಸಲು ಅವನಿಗೆ ಕೊಟ್ಟಿದ್ದ ಲಾಗಿನ್ ಅದು. ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ.

ಈ ಮೂರರಲ್ಲೂ ದಾರಿ ವೈ-ಫೈ ಆಗಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕಟ್ಟಡ ನಡೆಸುವ ವ್ಯವಸ್ಥೆಯ ಮೇಲೂ ಅದನ್ನು ನೋಡಿಕೊಳ್ಳುವವರ ಮೇಲೂ ಕಣ್ಣಿಟ್ಟವರಿದ್ದಾರೆ ಎಂಬುದಕ್ಕೆ ಮಾತ್ರ ಇವು ಸಾಕ್ಷಿ.

ನಂಬಿಕೆ: “ನಮ್ಮ ಕಂಟ್ರೋಲರ್ ಇಂಟರ್‌ನೆಟ್‌ಗೆ ಸೇರೇ ಇಲ್ಲ, ಭಯವಿಲ್ಲ.”

ವೈ-ಫೈ ಹಚ್ಚಿದ ಕ್ಷಣದಿಂದ ಕಂಟ್ರೋಲರ್‌ಗೆ ಹೊಸದೊಂದು ಬಾಗಿಲು ಬಂತು. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಅಲೆಗಳು ತಲುಪುವಷ್ಟು ಹತ್ತಿರ ಬಂದರೆ ಸಾಕು. ಒಳಗಿನ ಸ್ಥಿತಿಯನ್ನೂ ನೋಡಿ. ಕಟ್ಟಡಗಳ ಯಂತ್ರಗಳು ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ ಬ್ಯಾಕ್‌ನೆಟ್, 1995ರಲ್ಲಿ ಮಾನದಂಡವಾದದ್ದು. ಅದರ ಐಪಿ ರೂಪ 47808ನೇ ಪೋರ್ಟಿನಲ್ಲಿ ನಡೆಯುತ್ತದೆ, ಮತ್ತು ಇಂದಿಗೂ ಹೆಚ್ಚಿನ ಕಟ್ಟಡಗಳಲ್ಲಿ “ನೀನು ಯಾರು” ಎಂದು ಅದು ಕೇಳುವುದಿಲ್ಲ. ಜಾಲದೊಳಗೆ ಬಂದವನ ಆದೇಶವನ್ನು ಯಂತ್ರ ಪಾಲಿಸುತ್ತದೆ. ಆದೇಶಗಳಿಗೆ 16 ಮಟ್ಟದ ಆದ್ಯತೆಯಿದೆ. ಆಪರೇಟರ್ ಕೈಯಾರೆ ಕೊಡುವುದು 8ನೆಯ ಮಟ್ಟದ್ದು, ಜೀವರಕ್ಷಣೆಗೆ ಮೀಸಲಾದದ್ದು ಎಲ್ಲಕ್ಕೂ ಮೇಲಿನ 1ನೆಯದು. ನುಗ್ಗಿದವನು 1ನೇ ಮಟ್ಟದಲ್ಲಿ ಫ್ಯಾನ್ ನಿಲ್ಲಿಸಿದರೆ ಆಪರೇಟರ್ ಎಷ್ಟು ಸಲ ಆನ್ ಒತ್ತಿದರೂ ಫ್ಯಾನ್ ತಿರುಗದು.

ಆದ್ದರಿಂದ ಆಕ್ಸೆಸ್ ಪಾಯಿಂಟ್‌ಗೂ ಕಟ್ಟಡದ ತಂತಿಜಾಲಕ್ಕೂ ನಡುವೆ ಸೇತುವೆ ಕಟ್ಟಲೇಬಾರದು. ವೈ-ಫೈಗೆ ಬೇರೆಯದೇ ಐಪಿ ಸಾಲು ಕೊಡಿ, ಎರಡರ ನಡುವೆ ರೂಟಿಂಗ್ ಇರದಂತೆ ನೋಡಿಕೊಳ್ಳಿ. ವೈ-ಫೈ ಮೂಲಕ ಬಂದವನಿಗೆ ಆ ಒಂದು ಕಂಟ್ರೋಲರ್‌ನ ಲಾಗಿನ್ ಪುಟ ಬಿಟ್ಟು ಬೇರೇನೂ ಕಾಣಬಾರದು.

ನಂಬಿಕೆ: “ವೈ-ಫೈ ಹೆಸರು ಅಡಗಿಸಿದ್ದೇವೆ, ನಮ್ಮ ಲ್ಯಾಪ್‌ಟಾಪ್‌ಗೆ ಮಾತ್ರ ಅನುಮತಿ ಕೊಟ್ಟಿದ್ದೇವೆ, ಅಲ್ಲದೆ ಪ್ಯಾನಲ್ ಬೇಸ್‌ಮೆಂಟಿನಲ್ಲಿದೆ.”

ಮೂರೂ ಬೇಲಿಯ ಚಿತ್ರ, ಬೇಲಿಯಲ್ಲ. ಹೆಸರು ಅಡಗಿಸಿದರೆ ಲ್ಯಾಪ್‌ಟಾಪೇ ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕತೊಡಗುತ್ತದೆ. ಲ್ಯಾಪ್‌ಟಾಪನ್ನು ಗುರುತಿಸುವ ಮ್ಯಾಕ್ ವಿಳಾಸ ಗೂಢಲಿಪಿಯ ಹೊರಗೆ ಬರಿಗಣ್ಣಿಗೆ ಕಾಣುವಂತೆ ಹರಿದಾಡುತ್ತದೆ, ಅದನ್ನು ನಕಲು ಮಾಡಲು ನಿಮಿಷ ಸಾಕು. ಬೇಸ್‌ಮೆಂಟಿನಲ್ಲೇ ತಾನೆ ಸಂದರ್ಶಕರ ಪಾರ್ಕಿಂಗ್ ಇರುವುದು?

ನಂಬಿಕೆ: “ಪಾಸ್‌ವರ್ಡ್ ಇದೆ, ಸಾಕು.”

ಎಂಥ ಪಾಸ್‌ವರ್ಡ್ ಎಂಬುದೇ ಇಲ್ಲಿ ಎಲ್ಲವೂ. ವೈ-ಫೈಗೆ ರಕ್ಷಣೆ ಕೊಡುವ ಡಬ್ಲ್ಯೂಪಿಎ2 ವ್ಯವಸ್ಥೆಯಲ್ಲಿ ಲ್ಯಾಪ್‌ಟಾಪ್ ಸೇರುವ ಹೊತ್ತಿನ ನಾಲ್ಕು ಸಂದೇಶಗಳನ್ನು ಹಿಡಿದಿಟ್ಟುಕೊಂಡರೆ ಸಾಕು, ಆಮೇಲೆ ಮನೆಯಲ್ಲಿ ಕೂತು ಪಾಸ್‌ವರ್ಡ್ ಊಹಿಸುತ್ತ ಹೋಗಬಹುದು. ಕಂಟ್ರೋಲರ್‌ಗೆ ಸುಳಿವೇ ಸಿಗದು. ಸೆಕೆಂಡಿಗೆ 5 ಲಕ್ಷ ಊಹೆ ಎಂದಿಟ್ಟುಕೊಳ್ಳಿ, ಇವತ್ತಿನ ಒಳ್ಳೆಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡಿಗೆ ಇದು ಭಾರವಲ್ಲ. 8 ಅಂಕಿಗಳ ಪಾಸ್‌ವರ್ಡ್‌ಗೆ 10 ಕೋಟಿ ಸಾಧ್ಯತೆ, ಅಷ್ಟೂ 200 ಸೆಕೆಂಡಿನಲ್ಲಿ ಮುಗಿದವು. ನಮ್ಮಲ್ಲಿ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವ ರೂಢಿ ಇದೆ. 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಅವು ಮುಗಿಯಲು ಎರಡೂಕಾಲು ಗಂಟೆ ಬೇಡ.

ಈ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಆ ಜಾಗವನ್ನು ಬಳಸಿಕೊಳ್ಳಿ. ಹಲಸು, ತಕ್ಕಡಿ, ಮುಂಗಾರು, ಗರಗಸ, ಚಪ್ಪರ – ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನೆನಪಿಗೂ ಸುಲಭ, ಊಹೆಗೂ ನಿಲುಕದು. ಇದೇ ಪದಗಳನ್ನು ಮಾತ್ರ ಎತ್ತಿಕೊಳ್ಳಬೇಡಿ. ಒಂದೊಂದು ಕಟ್ಟಡಕ್ಕೂ ಬೇರೆ ಪಾಸ್‌ವರ್ಡ್ ಇರಲಿ, ನಿರ್ವಹಣೆಯ ಹುಡುಗ ಕೆಲಸ ಬಿಟ್ಟ ದಿನವೇ ಅದು ಬದಲಾಗಲಿ. ಡಬ್ಲ್ಯೂಪಿಎಸ್ ಗುಂಡಿ-ಪಿನ್ ಸೌಲಭ್ಯವಿದ್ದರೆ ಮುಚ್ಚಿ. ಅದರ 8 ಅಂಕಿಯ ಪಿನ್ 11,000 ಪ್ರಯತ್ನಗಳೊಳಗೆ ಸಿಕ್ಕಿಬೀಳುತ್ತದೆಂದು 2011ರಲ್ಲೇ ತಿಳಿದಿದೆ. ಡಬ್ಲ್ಯೂಪಿಎ3 ಇದ್ದರೆ ಅದನ್ನೇ ಆರಿಸಿ, ಅದರಲ್ಲಿ ಮನೆಯಲ್ಲಿ ಕೂತು ಊಹಿಸುವ ಆಟ ನಡೆಯದು. ಇಲ್ಲದಿದ್ದರೆ ಉದ್ದನೆಯ ಪಾಸ್‌ವರ್ಡಿನ ಡಬ್ಲ್ಯೂಪಿಎ2 ಸಾಕು, ಆದರೆ 2017ರಲ್ಲಿ ಅದರಲ್ಲಿ ಬಯಲಾದ ಕ್ರ್ಯಾಕ್ ದೋಷಕ್ಕೆ ತಿದ್ದುಪಡಿ ಇರುವ ಫರ್ಮ್‌ವೇರ್ ಹಾಕಿರಬೇಕು.

ನಂಬಿಕೆ: “ಬ್ರೌಸರ್‌ನ ಕೆಂಪು ಎಚ್ಚರಿಕೆ ಬರುವುದು ಮಾಮೂಲು, ಮುಂದುವರಿ ಒತ್ತಿದರಾಯಿತು.”

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ ಅಭ್ಯಾಸ ಇದು. ಪಾಸ್‌ವರ್ಡ್ ಬಲ್ಲ ಹಳೆಯ ನೌಕರನೊಬ್ಬ ಅದೇ ಹೆಸರು, ಅದೇ ಪಾಸ್‌ವರ್ಡಿನ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಚ್ಚಬಹುದು. ಲ್ಯಾಪ್‌ಟಾಪ್‌ಗೆ ಅಸಲಿ-ನಕಲಿ ತಿಳಿಯದು. ಅಲ್ಲಿ ಕಾಣುವ ನಕಲಿ ಪುಟದಲ್ಲಿ ಇಂಜಿನಿಯರ್ ಅಡ್ಮಿನ್ ಲಾಗಿನ್ ಬರೆದರೆ ಇಡೀ ಕಟ್ಟಡದ ಬೀಗದಕೈ ಹೋಯಿತು. ತಡೆಯಬಲ್ಲದ್ದು, ಪುಟ ಅಸಲಿಯೆಂದು ಬ್ರೌಸರ್‌ಗೆ ತೋರಿಸುವ ಕಂಟ್ರೋಲರ್‌ನ ಪ್ರಮಾಣಪತ್ರ ಒಂದೇ. ಆದರೆ ದಿನವೂ ಎಚ್ಚರಿಕೆ ದಾಟಿ ದಾಟಿ ಕಣ್ಣು ಪಳಗಿದ್ದರೆ ಅದು ಕೂಗಿದ್ದೂ ಕೇಳಿಸದು. ಕಂಟ್ರೋಲರ್ ಹೂಡುವಾಗಲೇ ಸರಿಯಾದ ಪ್ರಮಾಣಪತ್ರ ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಅದನ್ನು ನಂಬಿಕಸ್ತವೆಂದು ದಾಖಲಿಸಿ. ಆಮೇಲೆ ಎಚ್ಚರಿಕೆ ಬಂದರೆ ಕೆಲಸ ನಿಲ್ಲಿಸಿ, ಕೇಬಲ್ ಹಾಕಿ ನೋಡಿ. ಸಾದಾ 80ನೇ ಪೋರ್ಟ್ ಮುಚ್ಚಿರಲಿ. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಇರಲಿ. ‘ಅಡ್ಮಿನ್’ ಅನ್ನು ಐದು ಮಂದಿ ಹಂಚಿಕೊಂಡರೆ ಯಾರು ಏನು ಮಾಡಿದರೆಂದು ಯಾರಿಗೂ ಗೊತ್ತಾಗದು. ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂದು ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಹೆಸರಿಲ್ಲದ ಲಾಗ್ ಆಗ ಯಾವ ಕೆಲಸಕ್ಕೆ ಬಂದೀತು?

ನಂಬಿಕೆ: “ಇಷ್ಟೆಲ್ಲ ಮಾಡಿದ ಮೇಲೆ ಆನ್ ಇಟ್ಟೇ ಬಿಡಬಹುದು.”

ಬೇಡ. ಸೆಟ್ಟಿಂಗ್ ಎಷ್ಟೇ ಬಿಗಿಯಿರಲಿ, ನಾಳೆ ಹೊಸ ದೋಷವೊಂದು ಬಯಲಾಗಬಹುದು. ಆಫ್ ಆಗಿರುವ ರೇಡಿಯೊದ ದೋಷವನ್ನು ದೂರದಿಂದ ಯಾರೂ ಬಳಸಲಾರರು. ಕಂಟ್ರೋಲರ್ ಮುಂದೆ ಕೆಲಸವಿದ್ದಾಗ ಹಚ್ಚಿ, ಮುಗಿದಾಗ ಆರಿಸಿ, ಎರಡನ್ನೂ ಪ್ಯಾನಲ್‌ನ ಲಾಗ್‌ಬುಕ್ಕಿನಲ್ಲಿ ಬರೆಯಿರಿ. ನಿಮ್ಮ ಕಟ್ಟಡದಲ್ಲಿ ಇಂಥ ಕಂಟ್ರೋಲರ್ ಇದ್ದರೆ ಇವತ್ತೇ ಒಮ್ಮೆ ಪ್ಯಾನಲ್ ತೆರೆದು ನೋಡಿ. ಯಾರೂ ಕೆಲಸ ಮಾಡುತ್ತಿಲ್ಲವಾದರೆ, ಸ್ವಿಚ್ಚನ್ನು ಆಫ್‌ಗೆ ತಳ್ಳಿ ಬಾಗಿಲು ಹಾಕಿ.