ಖರ್ಚು ತಗ್ಗಿಸಿ, ಖನಿಜ ಮಿಶ್ರಣ ನಿಲ್ಲಿಸಬೇಡಿ

ಹಾಲು ಉತ್ಪಾದಕ ಸಹೋದರಿಯರೇ,

ಬೇಳೆ, ಎಣ್ಣೆ, ಸಿಲಿಂಡರ್, ಹಿಂಡಿ ಎಲ್ಲದರ ಬೆಲೆಯೂ ಏರಿದೆ. ಬಟವಾಡೆ ಹಣ ಸಾಲದಾದಾಗ ಅನೇಕರು ಮೊದಲು ಕೈಬಿಡುವುದು ಹಸುವಿನ ಖನಿಜ ಮಿಶ್ರಣವನ್ನು. ಇದು ಉಳಿತಾಯವಲ್ಲ. ಖನಿಜದ ಕೊರತೆಯಾದರೆ ಹಸು ಸರಿಯಾಗಿ ಬೆದೆಗೆ ಬರುವುದಿಲ್ಲ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅಷ್ಟು ದಿನವೂ ಮೇವು ಹಾಕಲೇಬೇಕು. ಹಾಲು ಕರೆಯುವ ಹಸುವಿಗೆ ದಿನಕ್ಕೆ 50 ಗ್ರಾಂ ತಪ್ಪಿಸಬೇಡಿ.

ಉಳಿಸಲು ಬೇರೆ ದಾರಿಯಿದೆ. ಪಶು ಆಹಾರವನ್ನು ಅಂದಾಜಿಗೆ ಸುರಿಯದೆ ತೂಗಿ ಕೊಡಿ: ಶರೀರ ಪೋಷಣೆಗೆ 2 ಕೆ.ಜಿ., ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಮೇವು ಕತ್ತರಿಸಿ ಹಾಕಿದರೆ ದಂಟು ವ್ಯರ್ಥವಾಗದು. ಮೂರ್ನಾಲ್ಕು ಹಸುಗಳಿದ್ದರೆ ಗೋಬರ್ ಗ್ಯಾಸ್‌ನಿಂದ ಸಿಲಿಂಡರ್ ಖರ್ಚೂ ತಗ್ಗುತ್ತದೆ.

ಇನ್ನೊಂದು ಮಾತು: ನಾಲ್ಕು ಕಾಸು ಹೆಚ್ಚು ಸಿಗಲೆಂದು ಮಕ್ಕಳ ಲೋಟದ ಹಾಲನ್ನು ಡೇರಿಗೆ ಹಾಕಬೇಡಿ.