ರೋಗಾಣುವಿನ ಸಕ್ಕರೆಯ ಹೊದಿಕೆ

ಸಕ್ಕರೆ ಎಂದೊಡನೆ ನಮಗೆ ನೆನಪಾಗುವುದು ಕಾಫಿ, ಪಾಯಸ, ಇಲ್ಲವೆ ಮಧುಮೇಹ. ರಸಾಯನಶಾಸ್ತ್ರಜ್ಞರಾದರೋ ಸಕ್ಕರೆ, ಪಿಷ್ಟ, ನಾರು ಇವೆಲ್ಲವನ್ನೂ ಶರ್ಕರಪಿಷ್ಟಗಳೆಂಬ ಒಂದೇ ಕುಲಕ್ಕೆ ಸೇರಿಸುತ್ತಾರೆ. ಈ ಕುಲದ ಕೆಲವು ವಸ್ತುಗಳು ರೋಗಾಣುಗಳ ಮೈಮೇಲೂ ಇವೆ. ಅವುಗಳ ನೆರವಿನಿಂದ ನಾಲ್ಕೇ ನಿಮಿಷಗಳಲ್ಲಿ ರೋಗದ ಸುಳಿವು ಹಿಡಿಯಬಹುದು. ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿಯಾದ ನನಗೆ ಇದು ಪಠ್ಯವಿಷಯವಲ್ಲ. ಆದರೂ ನಮ್ಮ ಜಿಲ್ಲೆಯ ದನದ ಕೊಟ್ಟಿಗೆಗೆ ಸಂಬಂಧಪಟ್ಟ ಸಂಗತಿಯಾದುದರಿಂದ, ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ರಾಗಿ, ಮಾವು, ರೇಷ್ಮೆ ಕೈಕೊಟ್ಟ ವರ್ಷ ಮನೆ ನಡೆಸುವುದು ಡೇರಿಗೆ ಹಾಕುವ ಹಾಲು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಫೀಸು, ಬಸ್ಸಿನ ಪಾಸು ಎರಡೂ ಬಂದದ್ದು ಸೀಮೆಹಸುಗಳ ಹಾಲಿನಿಂದಲೇ. ಅಂಥ ಹಸು ಏಳನೆಯ ತಿಂಗಳಿನಲ್ಲಿ ಕಂದು ಹಾಕಿತೆಂದರೆ ಕರುವೂ ಹೋಯಿತು, ಹಾಲೂ ಹೋಯಿತು. ಹಳ್ಳಿಯವರು ದೃಷ್ಟಿ ತಾಗಿತೆನ್ನುತ್ತಾರೆ. ಕಾರಣಗಳು ಹಲವು, ಅವುಗಳಲ್ಲಿ ಮುಖ್ಯವಾದುದೊಂದು ಬ್ರುಸೆಲ್ಲಾ ಎಂಬ ರೋಗಾಣು.

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಸೇನಾವೈದ್ಯ ಡೇವಿಡ್ ಬ್ರೂಸ್ ಇದನ್ನು ಬೇರ್ಪಡಿಸಿದನು. ಹಸುಗಳು ಕಂದು ಹಾಕುವುದಕ್ಕೆ ಇದೇ ಕುಲದ ರೋಗಾಣು ಕಾರಣವೆಂದು 1897ರಲ್ಲಿ ಡೆನ್ಮಾರ್ಕಿನ ಬ್ಯಾಂಗ್ ತೋರಿಸಿದನು. ಹಸಿಹಾಲು ಕುಡಿದವರಿಗೂ, ಕಂದನ್ನೋ ಬೀಳದೆ ನಿಂತ ಕಸವನ್ನೋ ಬರಿಗೈಯಲ್ಲಿ ತೆಗೆದವರಿಗೂ ರೋಗ ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಕೀಲುನೋವು. ಟೈಫಾಯ್ಡ್ ಎಂದು ಭ್ರಮಿಸುವುದು ಸುಲಭ. ನಮ್ಮಲ್ಲಿ ಕೊಟ್ಟಿಗೆಯ ಕೆಲಸ ಬಹುಪಾಲು ಹೆಂಗಸರದೇ ಎಂಬುದನ್ನು ಇಲ್ಲಿ ಮರೆಯಬಾರದು.

ಇನ್ನು ಸಕ್ಕರೆಯ ವಿಚಾರ. ಬ್ರುಸೆಲ್ಲಾದ ಹೊರಮೈಯಿಂದ ಪೆರೋಸಮೀನ್ ಎಂಬ ಸಕ್ಕರೆಯ ಸರಪಳಿಗಳು ರೋಮದಂತೆ ಹೊರಚಾಚಿರುತ್ತವೆ. ಹಸುವಿನ ದೇಹ ಮೊದಲು ಕಾಣುವುದು ಇದನ್ನೇ. ಇದಕ್ಕೆ ತಕ್ಕ ಪ್ರತಿಕಾಯಗಳನ್ನು ರಕ್ತದಲ್ಲಿ ತಯಾರಿಸಿಕೊಳ್ಳುತ್ತದೆ. ಒಂದೊಂದು ಪ್ರತಿಕಾಯಕ್ಕೂ ಒಂದಕ್ಕಿಂತ ಹೆಚ್ಚು ಕೈಗಳುಂಟು. ರೋಸ್ ಬೆಂಗಾಲ್ ಪರೀಕ್ಷೆಯಲ್ಲಿ ಕೊಂದ ರೋಗಾಣುಗಳಿಗೆ ಗುಲಾಬಿ ಬಣ್ಣ ಕೊಟ್ಟು, ಅದರ ಒಂದು ತೊಟ್ಟಿಗೆ ಹಸುವಿನ ರಕ್ತರಸದ ಒಂದು ತೊಟ್ಟು ಬೆರೆಸಿ ನಾಲ್ಕು ನಿಮಿಷ ಅಲ್ಲಾಡಿಸುತ್ತಾರೆ. ಪ್ರತಿಕಾಯಗಳಿದ್ದರೆ ಒಂದು ರೋಗಾಣುವನ್ನು ಇನ್ನೊಂದಕ್ಕೆ ಕಟ್ಟಿ, ಹಾಲು ಒಡೆದಂತೆ ಗಂಟುಗಂಟಾಗುತ್ತದೆ. ಇಲ್ಲದಿದ್ದರೆ ಗುಲಾಬಿ ಬಣ್ಣ ಸಮನಾಗಿಯೇ ಉಳಿಯುತ್ತದೆ.

ನನಗೆ ಇದಕ್ಕಿಂತ ಸೊಗಸೆನಿಸಿದ್ದು ಹಾಲಿನ ಉಂಗುರದ ಪರೀಕ್ಷೆ. ಇಲ್ಲಿ ಬಣ್ಣ ನೀಲಿ. ಪ್ರತಿಕಾಯಗಳು ಹಿಡಿದ ನೀಲಿ ರೋಗಾಣುಗಳು ಜಿಡ್ಡಿನ ಕಣಗಳಿಗೆ ಅಂಟಿಕೊಂಡು ಕೆನೆಯೊಡನೆ ಮೇಲೇರಿ ನೀಲಿ ಉಂಗುರವಾಗುತ್ತವೆ. ಕೆಳಗೆ ಹಾಲು ಬೆಳ್ಳಗಿರುತ್ತದೆ. ಹಲವು ಹಸುಗಳ ಹಾಲು ಬೆರೆತ ಕ್ಯಾನಿಗೂ ಇದು ಸಲ್ಲುತ್ತದೆ. ಆಮೇಲೆ ಒಂದೊಂದೇ ಹಸುವಿನ ರಕ್ತ ನೋಡಿದರಾಯಿತು.

ತೊಡಕುಗಳೂ ಇವೆ. ಯೆರ್ಸಿನಿಯಾ ಎಂಬ ಬೇರೊಂದು ರೋಗಾಣುವಿನ ಒಂದು ಬಗೆಯ ಮೇಲೆ ಹೆಚ್ಚುಕಡಿಮೆ ಇದೇ ಸರಪಳಿ ಇರುವುದರಿಂದ, ನಿರಪರಾಧಿ ಹಸುವಿನ ಮೇಲೂ ಆರೋಪ ಬರಬಹುದು. ಆದರೆ ಬ್ರುಸೆಲ್ಲಾದ ಸರಪಳಿಯ ತುದಿಯಲ್ಲಿ ಸಕ್ಕರೆಗಳು ಕೂಡುವ ರೀತಿ ಕೊಂಚ ಭಿನ್ನ. ಆ ತುದಿಯನ್ನಷ್ಟೇ ಪ್ರಯೋಗಾಲಯದಲ್ಲಿ ಕಟ್ಟಿ ಬಳಸಿದರೆ ಗೊಂದಲ ಕಡಮೆಯಾಗುವುದೆಂದು ಕೆನಡಾದ ಡೇವಿಡ್ ಬಂಡಲ್ ಮತ್ತು ಇಂಗ್ಲೆಂಡಿನ ಪಶುರೋಗತಜ್ಞರು 2015ರಲ್ಲಿ ಪ್ರಕಟಿಸಿದರು.

ಲಸಿಕೆಯದು ಇನ್ನೊಂದು ತೊಡಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳಿನ ಹೆಣ್ಣುಕರುಗಳಿಗೆ ಎಸ್-19 ಲಸಿಕೆ ಹಾಕುತ್ತಾರೆ. ಲಸಿಕೆಯ ರೋಗಾಣುವಿಗೂ ಅದೇ ಸಕ್ಕರೆ ಉಂಟಷ್ಟೆ. ಎಳೆಯದರಲ್ಲೇ ಹಾಕಿದರೆ ಪ್ರತಿಕಾಯಗಳು ದೊಡ್ಡದಾಗುವ ಹೊತ್ತಿಗೆ ಇಳಿಯುತ್ತವೆ, ಬೆಳೆದ ಹಸುವಿಗೆ ಹಾಕಿದರೆ ಪರೀಕ್ಷೆ ದಾರಿತಪ್ಪುತ್ತದೆ.

ಇಷ್ಟಾದರೂ ಗಂಟು ಕಟ್ಟಿದ ಆ ಗುಲಾಬಿ ತೊಟ್ಟನ್ನು ಕಂಡ ರೈತ ಮುಂದೇನು ಮಾಡಬೇಕು? ಮನುಷ್ಯನಿಗೆ ಆರು ವಾರಗಳ ಔಷಧವುಂಟು. ಹಸುವಿಗೆ ಚಿಕಿತ್ಸೆ ಮಾಡುವ ವಾಡಿಕೆಯಿಲ್ಲ. ಸಾಲ ಮಾಡಿ ತಂದ ಹಸುವನ್ನು ಅವನು ಸಂತೆಗೆ ಹೊಡೆದರೆ ರೋಗ ಇನ್ನೊಬ್ಬನ ಕೊಟ್ಟಿಗೆ ಸೇರುತ್ತದೆ. ಕೊಟ್ಟಿಗೆಯಲ್ಲೇ ಬೇರೆ ಕಟ್ಟಿ, ಹಾಲನ್ನು ಕುದಿಸದೆ ಯಾರಿಗೂ ಕೊಡದಿದ್ದರೆ ಅವನ ಮನೆಯ ಆದಾಯ ನಿಲ್ಲುತ್ತದೆ. ಪರಿಹಾರಧನವಿಲ್ಲದೆ ಪರೀಕ್ಷೆಗೆ ಹಸುವನ್ನು ಮುಂದೆ ತರುವವರು ವಿರಳವೆಂದೇ ಅರ್ಥಶಾಸ್ತ್ರ ಓದಿದ ನನಗೆ ತೋರುತ್ತದೆ.